ಸೀರೆಯ ಹಿಂಬದಿ

ಜೂನ್ 3, ಮಂಗಳವಾರ. ಬೆಳಿಗ್ಗೆ 10. ರೋಣ
ಸುಶೀಲವ್ವ ನೇಯ್ದ ಹೊಸ ಸೀರೆಯ ಫೋಟೊ ನಾನು ನೋಡಿಕೊಳ್ಳುವ ನೇಕಾರರ ಸಂಘದ ವೆಬ್‌ಸೈಟಿಗೆ ಏರುತ್ತಿಲ್ಲ. ಮೂರು ಸಲ ಹಾಕಿದೆ. ಜಾಗವಿಲ್ಲ ಅನ್ನುತ್ತದೆ ಸರ್ವರ್. ಸುಳ್ಳು — ಡಿಸ್ಕ್ ಅರ್ಧ ಖಾಲಿ. ಐನೋಡ್, ಅಂದರೆ ಫೈಲುಗಳ ಎಣಿಕೆ, ನೋಡಿದೆ. ನೂರಕ್ಕೆ ನೂರು ತುಂಬಿದೆ. ಜಾಗ ಇದೆ, ಇಡಬಹುದಾದ ಫೈಲುಗಳ ಲೆಕ್ಕ ಮುಗಿದಿದೆ. ಬಸ್ಸಿನಲ್ಲಿ ಸೀಟು ಖಾಲಿ, ಕಂಡಕ್ಟರನ ಟಿಕೆಟ್ ಖಲಾಸ್ — ಹಾಗೆ.

ಗಜೇಂದ್ರಗಡದ ನೇಕಾರರ ಸಂಘಕ್ಕೆ ಫೋನ್ ಮಾಡಿದೆ. ಕಾರ್ಯದರ್ಶಿ ಅಜಯಕುಮಾರ ಕೇಳಿದ್ದೇ ತಡ, "ಎಲ್ಲಾ ಸೀರಿದೂ ಹಿಂಬದಿ ಫೋಟೊ ಅಳಿಸಿಬಿಡ್ರಿ ಶಬನಮ ಮೇಡಂ. ಎರಡೂ ಬದಿ ಒಂದ ಅದಾವಲ್ಲ."

ಒಂದೇ ಇರುವುದೇ ವಿಷಯ, ಮಹಾರಾಯ! ಸುಶೀಲವ್ವ ನೇಯ್ದದ್ದನ್ನು ಎರಡೂ ಕಡೆ ಉಡಬಹುದು. ನರಗುಂದದ ಅಂಗಡಿಯೊಂದು ಅದೇ ಅಂಚಿನ ಮಶೀನ್ ಸೀರೆಯನ್ನು ನಮ್ಮ ಹೆಸರಲ್ಲಿ ಮಾರುತ್ತಿದೆ. ಅದನ್ನು ತಿರುಗಿಸಿದರೆ ಬರೀ ನೂಲಿನ ತುದಿ. ಕೊಳ್ಳುವವರಿಗೆ ಖರೇದು ಯಾವುದೆಂದು ತೋರಿಸಲು ಹಿಂಬದಿ ಫೋಟೊ ಬಿಟ್ಟರೆ ನಮ್ಮಲ್ಲಿ ಏನಿದೆ?

ಅಳಿಸುವುದಿಲ್ಲ ಅಂದೆ.

"ಮುಂದಿನ ಮಂಗಳವಾರತನ ನೋಡ್ತೀನ್ರಿ. ಆಮ್ಯಾಲ ಬ್ಯಾರೇದವರ ಕಡಿಂದ ಅಳಿಸಸ್ತೀನಿ."

ಜೂನ್ 5
ಗಜೇಂದ್ರಗಡಕ್ಕೆ ಹೋದೆ. ಸುಶೀಲವ್ವ ಮಗ್ಗದಲ್ಲಿ. ವಿಷಯ ಹೇಳಿದೆ. ಕೈ ನಿಲ್ಲಿಸಲಿಲ್ಲ.

"ಹಿಂದಿಂದು ಅಳಸ್ತಿದ್ರ ಮುಂದಿಂದೂ ಅಳಸಿಬಿಡ ತಂಗಿ. ಅರ್ಧಾ ಸೀರಿ ನಾ ನೇಯ್ದಿಲ್ಲ."

ವಾಪಸು ಬರುವಾಗ ರಾಜೂರ ದಾಟುವತನಕ ಅದೇ ಮಾತು ತಲೆಯಲ್ಲಿ.

ಜೂನ್ 9
ಬಕ್ರೀದ್ ಮುಗಿಯಿತು. ಒಂದೊಂದೇ ಫೋಲ್ಡರಿನ ಫೈಲು ಎಣಿಸಿದೆ. ಫೋಟೊಗಳು ಹದಿನೆಂಟು ಸಾವಿರ. ಇನ್ನೊಂದು ಫೋಲ್ಡರಿನಲ್ಲಿ... ಮೂರು ಲಕ್ಷ ನಲವತ್ತು ಸಾವಿರ! ಸೆಷನ್ ಫೈಲುಗಳು. ಸೈಟಿಗೆ ಬಂದವರ ಹೆಸರಿಗೆ ಒಂದೊಂದು ಚೀಟಿ, ಹೋದ ಮೇಲೂ ಅಳಿಸಿಲ್ಲ. ಹಾಗೆ ಪ್ರೋಗ್ರಾಂ ಬರೆದದ್ದು ಯಾರು? ನಾನೇ. ಎರಡು ವರ್ಷದ ಹಿಂದೆ. ಭಾಳ ನಾಚಿಕೆಯಾಯಿತು.

ಒಟ್ಟಿಗೆ ಅಳಿಸಲು ಹೋದರೆ ಪಟ್ಟಿ ಉದ್ದವಾಯಿತು ಅಂತ ಸರ್ವರಿನ ತಕರಾರು. ಹಳೆಯವನ್ನು ಹುಡುಕಿ ಹುಡುಕಿ ಅಳಿಸುವ ಆಜ್ಞೆ ಕೊಟ್ಟೆ. ನೂರಿದ್ದ ಐನೋಡ್ ಎಂಬತ್ತು... ನಲವತ್ತು... ಹದಿನೈದಕ್ಕೆ ನಿಂತಿತು.

ಜೂನ್ 10, ಮಂಗಳವಾರ
ಫೋಟೊ ಏರಿತು. ಎರಡೂ ಬದಿ. ಹಳೇ ಚೀಟಿಗಳು ಇನ್ನು ದಿನಾ ತಾವೇ ಅಳಿಯುತ್ತವೆ.

ಅಜಯಕುಮಾರರಿಗೆ ಹೇಳಿದೆ: "ತಪ್ಪು ನಂದ್ರಿ. ಫೋಟೊದ್ದಲ್ಲ."

"ಆದ್ರೂ ಹಿಂದಿನವು ತಗದಬಿಡ್ರಿ. ಮುಂದ ಮತ್ತ ತುಂಬಿದ್ರ?"

"ತಗ್ಯಾಂಗಿಲ್ರಿ."

ಫೋನ್ ಇಟ್ಟು ಸೈಟಿನ ಕೋಡಿನಲ್ಲಿ ಒಂದು ಸಾಲು ಬದಲಿಸಿದೆ. ಇನ್ನು ಯಾವ ಸೀರೆ ತೆರೆದರೂ ಮೊದಲು ಕಾಣುವುದು ಹಿಂಬದಿ. ಸುಶೀಲವ್ವನದೇ ಮೊದಲನೆಯದು.

ಫೋನ್... ಮತ್ತೆ ಅವರೇ. ನೋಡಿರಬೇಕು. ನೋಡಲಿ. ಎತ್ತಿ ಹೇಳುತ್ತೇನೆ, ಅಜಯಕುಮಾರವರ, ಅರ್ಧಾ ಸೀರಿ —