ಹೆಬ್ರೋನ್ ಅಂಗಳದಲ್ಲಿ ಒಂದು ಗಂಟೆ

ಮಾರ್ಚ್ 14, ಗುರುವಾರ

…ಅದಕ್ಕೇ ಹೇಳಿದ್ದು, ನನಗೆ ಸಿಟ್ಟೇನೂ ಇಲ್ಲ ಎಂದು. ನಿನ್ನೆ ಅಷ್ಟು ಬರೆದ ಮೇಲೂ ಸಮಾಧಾನವಾಗಲಿಲ್ಲ. ಮತ್ತೆ ಅಲ್ಲಿಂದಲೇ ಹಿಡಿಯುತ್ತೇನೆ. ನಿಲ್ಲಿಸಿದ್ದು ನಿಜ. ದಂಡದ ನೋಟಿಸಿನ ಫೋಟೋದಲ್ಲಿರುವುದು ನನ್ನದೇ ಕಾರು, ಬಂಪರ್ ನೆಗ್ಗಿರುವುದೂ ಕಾಣುತ್ತದೆ. ಒಳಗೆ ಹೋದದ್ದು 2.04ಕ್ಕೆ, ಹೊರಗೆ ಬಂದದ್ದು 3.11ಕ್ಕೆ. ಕ್ಯಾಮೆರಾ ಸುಳ್ಳು ಹೇಳಿಲ್ಲ.

ನಮ್ಮ ಪ್ರಾರ್ಥನಾಮಂದಿರ ಹೆಬ್ರೋನ್ ಚಾಪೆಲ್‌ನ ಹಿಂದಿನ ಅಂಗಳ. ಚಾಪೆಲ್ ಮುಚ್ಚಿ ಮೂರು ವರ್ಷ. ಹಿರಿಯರೆಲ್ಲ ಸೇರಿ ಅಂಗಳ ಮಾರಿದೆವು, ಕೊಂಡವನು ಪಾರ್ಕಿಂಗ್ ಕಂಪನಿಗೆ ವಹಿಸಿದ. ಸ್ಮಶಾನವನ್ನು ಮಾತ್ರ ಮಾರಲಿಲ್ಲ. ಅದರ ಕಬ್ಬಿಣದ ಗೇಟಿಗೆ ಅಂಗಳದೊಳಗಿಂದಲೇ ದಾರಿ.

ಪ್ರತಿ ಗುರುವಾರ ಮಧ್ಯಾಹ್ನ ಆ ಗೇಟು ದಾಟಿ ಹೆಂಡತಿ ನೆಸ್ತಾಳ ಬಳಿ. ಊರ ಪತ್ರಿಕೆ ಬಂದ ವಾರ ಅದನ್ನು ಪೂರ್ತಿ ಓದಿ ಹೇಳಬೇಕು — ಯಾರ ಮನೆಯಲ್ಲಿ ಮಗು, ಯಾರಿಗೆ ಹಾಡಿನ ಬಹುಮಾನ, ಯಾರು ತೀರಿಕೊಂಡರು. ಮಿಕ್ಕ ವಾರ ಹಳೆಯದನ್ನೇ ಮತ್ತೆ. ಗಂಟೆಯಂತೂ ಬೇಕು. ಇಪ್ಪತ್ತು ನಿಮಿಷ ಮಾತ್ರ ಪುಕ್ಕಟೆ ಎಂದು ಹೊಸ ಬೋರ್ಡು. ಇಂಗ್ಲಿಷ್‌ನಲ್ಲಿ. ಮನೆಗೆ ಬಂದ ನೋಟಿಸೂ ಇಂಗ್ಲಿಷ್‌ನಲ್ಲಿ.

ಓದಲು ಬರುವುದಿಲ್ಲ ಎಂದಲ್ಲ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದು, ಅರ್ಧ ಮರೆತದ್ದು. ಉಳಿದದ್ದೆಲ್ಲ ಹಾಲಿನ ಡೇರಿಯ ಲ್ಯಾಬಿನದು. ‘ಸ್ಯಾಂಪಲ್ ರಿಸೀವ್ಡ್. ಸ್ಯಾಂಪಲ್ ಸ್ಯಾಟಿಸ್‌ಫ್ಯಾಕ್ಟರಿ.’ ಮೂವತ್ತೊಂದು ವರ್ಷ ಅದನ್ನೇ ಬರೆದೆ.

ನೋಟಿಸಿನ ಬೆನ್ನಿಗೆ ವೆಲ್ಶ್‌ನಲ್ಲಿ ಬರೆದೆ: ಇದನ್ನು ನನ್ನ ಭಾಷೆಯಲ್ಲಿ ಕಳಿಸಿ, ತಲುಪಿದ ದಿನವೇ ಕಟ್ಟುತ್ತೇನೆ. ಅಂಚೆಗೆ ಹಾಕಿ ಬಂದೆ. ಜಗಳವಲ್ಲ, ವಿನಂತಿ.

ಏಪ್ರಿಲ್ 3, ಬುಧವಾರ

ಉತ್ತರ ಬಂತು. ಮತ್ತೆ ಇಂಗ್ಲಿಷ್, ಈ ಸಲ ಕೆಂಪಕ್ಷರ. ಅದರ ಬೆನ್ನಿಗೂ ಅದೇ ಬರೆದು ವಾಪಸ್ ಕಳಿಸಿದೆ.

ಎಲುನೆಡ್ ಬಂದಿದ್ದಳು. ನೆಸ್ತಾಳ ತಂಗಿ, ತಿಂಗಳಿಗೆರಡು ಸಲ ಬಂದು ನನ್ನ ಫ್ರಿಜ್ ತೆಗೆದು ಮೂಸಿ ನೋಡುವವಳು.

“ಕಟ್ಟಿ ಬಿಸಾಕು, ಇದ್ವಲ್ ಬಾಖ್,” ಎಂದಳು. ಬೇರೆಯವರು ‘ಬಾಖ್’ ಎಂದರೆ ಮುದ್ದು. ಇವಳದು ಕಿವಿ ಹಿಂಡುವ ಬಾಖ್.

“ಕಟ್ಟಲ್ಲ ಅಂದ್ನಾ ನಾನು? ವೆಲ್ಶಲ್ಲಿ ಕೇಳ್ಲಿ, ಕಟ್ತೀನಿ.”

“ಕೇಳ್ತಿರೋದು ಯಾರು ಅಂದ್ಕೊಂಡಿದ್ದೀಯ? ಕಂಪ್ಯೂಟರ್ರು. ಅದಕ್ಕೇನು ಗೊತ್ತು ನಿನ್ನ ಮಾನ ಮರ್ಯಾದೆ?”

“ಕಂಪ್ಯೂಟರ್ರು ಅಂದ್ಮೇಲೆ ಇನ್ನೂ ಸುಲಭ ಅಲ್ವಾ? ಅದಕ್ಕೆ ಯಾವ ಭಾಷೆ ಆದ್ರೇನು.”

“ಡೇರಿಲಿ ಅಷ್ಟು ವರ್ಷ ಇಂಗ್ಲಿಷಲ್ಲೇ ಬರೆದ್ಯಲ್ಲ ಮಹಾರಾಯ, ಆಗ ಎಲ್ಲಿ ಹೋಗಿತ್ತು ಈ ಪೌರುಷ?”

ಟೀ ಬಸಿದುಕೊಟ್ಟೆ.

ಏಪ್ರಿಲ್ 4, ಬೆಳಿಗ್ಗೆ 6

ನಿನ್ನೆ ಅವಳಿಗೆ ಕೊಡಬೇಕಿದ್ದ ಉತ್ತರ ಹೊಳೆದದ್ದು ಈಗ. ಬರೆದಿಡುತ್ತೇನೆ. ಡೇರಿಯಲ್ಲಿದ್ದಾಗ ನೆಸ್ತಾ ಇನ್ನೂ ಆಸ್ಪತ್ರೆ ಸೇರಿರಲಿಲ್ಲ.

ಲಕ್ವ ಹೊಡೆದ ಮೇಲೆ ಅವಳ ಇಂಗ್ಲಿಷ್ ಪೂರ್ತಿ ಅಳಿಸಿಹೋಯಿತು. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ನಲವತ್ತು ವರ್ಷ ಐಸ್‌ಕ್ರೀಮು, ಕೊಡೆ ಮಾರಿದವಳು. ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು. ಎಲ್ಲ ಹೋಯಿತು. ಉಳಿದದ್ದು ಅಮ್ಮನಿಂದ ಬಂದದ್ದು ಮಾತ್ರ. ನರ್ಸ್‌ಗಳು ಒಳ್ಳೆಯವರೇ, ದೂರದಿಂದ ಬಂದವರು. ಏನು ಬೇಕು ಎಂದು ಕೇಳಿದರೆ ಇವಳು ಅವರ ಮುಖ ನೋಡುವಳು. ಭೇಟಿಯ ಹೊತ್ತಿನಲ್ಲಿ ನಾನಿರುತ್ತಿದ್ದೆ, ಆಚೆಯದು ಈಚೆಗೆ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಹೋದಾಗ ಅವಳ ಕೈ ಹಿಮದಂತಿತ್ತು. ಚಳಿ, ಕಿಟಕಿ ಹಾಕಿ ಎಂದು ರಾತ್ರಿಯಿಡೀ ಹೇಳಿದ್ದಾಳೆ. ಹೇಳಿದ್ದಾಳೆ. ಯಾರೂ ಕಿವುಡರಾಗಿರಲಿಲ್ಲ. ಕಿಟಕಿ ಹಾಕಿದೆ — ಒಂದು ಕೈಯಲ್ಲಿ ಆಗುವ ಕೆಲಸ.

ಅಷ್ಟು ಸಣ್ಣದು. ಪಾರ್ಕಿಂಗ್ ನೋಟಿಸು ಇನ್ನೂ ಸಣ್ಣದು. ಸಣ್ಣದು ಎಂದು ಬಿಡುತ್ತ ಬಂದರೆ ದೊಡ್ಡದು ಎಲ್ಲಿಂದ ಶುರು?

ಎಲುನೆಡ್‌ಗೆ ಇದನ್ನು ಹೇಳುವುದಿಲ್ಲ. ಅವಳಿಗೆ ಆ ಕಿಟಕಿಯ ವಿಷಯ ಗೊತ್ತಿಲ್ಲ.

ಮೇ 20, ಸೋಮವಾರ

ಭಾಷೆಯ ಹಕ್ಕು ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದೆ. ಹೆಣ್ಣುಮಗಳೊಬ್ಬಳು, ದಕ್ಷಿಣದ ಕಡೆಯ ಮಾತು.

“ಕೌನ್ಸಿಲ್‌ನ ಪಾರ್ಕಿಂಗ್ ಆಗಿದ್ರೆ ನಾವು ಕೇಳಬಹುದಿತ್ತು, ಮಿಸ್ಟರ್ ಪ್ರಿದರ್ಖ್. ಅವರು ವೆಲ್ಶಲ್ಲಿ ಕೊಡಲೇಬೇಕು. ಇದು ಖಾಸಗಿ. ಕಾನೂನು ಅವರಿಗೆ ತಟ್ಟಲ್ಲ.”

“ಅಂಗಳ ಇರೋದು ವೇಲ್ಸಲ್ಲಿ ಅಲ್ವೇನಮ್ಮ?”

“ಹೌದು. ಆದ್ರೂ.” ಹಾಳೆ ತಿರುವುವ ಸದ್ದು. “ಒಂದು ಮಾತು. ಅವರು ಕೋರ್ಟಿಗೆ ಹಾಕಿದ್ರೆ ಮಾತ್ರ, ಅಲ್ಲಿ ವೆಲ್ಶಲ್ಲಿ ಮಾತಾಡೋದು ನಿಮ್ಮ ಹಕ್ಕು. ಅದನ್ನ ಯಾರೂ ತಪ್ಪಿಸೋಕಾಗಲ್ಲ.”

ಫೋನಿಟ್ಟ ಮೇಲೆ ಎದೆ ಹಗುರಾಯಿತು. ಎಪ್ಪತ್ತಾರನೇ ವಯಸ್ಸಿನಲ್ಲಿ ಕೋರ್ಟಿಗೆ ಎಳೆಯಲಿ ಎಂದು ಹಾರೈಸುತ್ತಿದ್ದೇನೆ.

ನವೆಂಬರ್ 19, ಮಂಗಳವಾರ

ಎಳೆದರು. ಕೋರ್ಟಿನ ಕಾಗದದಲ್ಲಿ ಯಾವ ಭಾಷೆ ಎಂದು ಕೇಳುವ ಚೌಕ ಇದೆ. ವೆಲ್ಶ್ ಎಂದು ಗುರುತು ಹಾಕುವಾಗ ಪೆನ್ನು ಚೌಕದಿಂದಾಚೆ ಹೋಯಿತು. ವಿಚಾರಣೆ ಜನವರಿ 21ಕ್ಕೆ. ಅನುವಾದಕರನ್ನು ಅವರೇ ಕರೆಸುತ್ತಾರಂತೆ.

ಜನವರಿ 19, ಭಾನುವಾರ

ಎಲುನೆಡ್ ಪಕ್ಷ ಬದಲಾಯಿಸಿದ್ದಾಳೆ. ನನ್ನ ಕರಿ ಸೂಟು ಇಸ್ತ್ರಿ ಮಾಡಿದಳು — ನೆಸ್ತಾಳ ಮಣ್ಣಿಗೆ ಹಾಕಿದ್ದು, ಆಮೇಲೆ ಮುಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಕ್ಕೆ ಕೂತು ತಾನೇ ನ್ಯಾಯಾಧೀಶೆಯಾದಳು.

“ಏನಯ್ಯಾ ಪ್ರಿದರ್ಖ್, ಒಂದು ಗಂಟೆ ಏನು ಮಾಡ್ತಿದ್ದೆ ಅಲ್ಲಿ?”

ಹೇಳಿದೆ. ಪತ್ರಿಕೆ ಓದುವುದು. ಸತ್ತವರ ಪಟ್ಟಿಯನ್ನು ಮೆಲ್ಲಗೆ, ಮದುವೆಗಳನ್ನು ಜೋರಾಗಿ. ನೆಸ್ತಾಳಿಗೆ ಕೊನೆಗುಳಿದದ್ದು ಇದೊಂದೇ ಭಾಷೆ, ಅದು ಅವಳ ಕಿವಿಗೆ ಬೀಳದೆ ಒಂದು ವಾರವೂ ಹೋಗಬಾರದು ಎಂದು. ಅದೇ ಅಂಗಳದಲ್ಲಿ ನನ್ನನ್ನು ಬೇರೆ ಭಾಷೆಯಲ್ಲಿ ಕಳ್ಳನೆಂದರೆ ಹೇಗೆ ಒಪ್ಪಲಿ ಎಂದು. ಕಿಟಕಿಯ ವಿಷಯವನ್ನೂ ಹೇಳಿಬಿಟ್ಟೆ.

ಎಲುನೆಡ್ ದಿಂಬಿನ ಮೇಲಿಂದ ಇಳಿದಳು. ಕೆಟಲ್ ಎತ್ತಿ ನೀರು ಹಿಡಿದಳು.

“ಇದನ್ನೇ ಹೇಳು,” ಎಂದಳು. “ಒಂದಕ್ಷರ ಬಿಡಬೇಡ.”

ಜನವರಿ 21, ಮಂಗಳವಾರ

ಸೋಲಲಿಲ್ಲ. ನಾಳೆ ಬರೆಯುತ್ತೇನೆ.

ಜನವರಿ 22

ಸಣ್ಣ ಕೋಣೆ. ನ್ಯಾಯಾಧೀಶೆ ನಮ್ಮವರೇ, ಚೊಕ್ಕ ವೆಲ್ಶ್. ಮೂಲೆಯಲ್ಲಿ ಅನುವಾದಕಿ. ಕಂಪನಿಯ ಕಡೆಯಿಂದ ಮಿಸ್ ಪ್ರೆಂಟಿಸ್ ಎಂಬ ಹುಡುಗಿ, ಮೂರು ಗಂಟೆ ಕಾಲ ರೈಲಿನಲ್ಲಿ ಬಂದವಳು, ಶೂ ಒದ್ದೆ. ರಾಕ್ಷಸನೊಬ್ಬ ಬರುತ್ತಾನೆಂದು ನಾನು ಕಾಯುತ್ತಿದ್ದೆ.

ಅವಳಿಗೆ ಅನುವಾದ ಕೇಳುವ ಇಯರ್‌ಫೋನ್ ಕೊಟ್ಟರು. ಕಿವಿಯಲ್ಲಿ ಶ್ರವಣಯಂತ್ರ ಇತ್ತು, ಕೂದಲಿನಡಿ ಮುಚ್ಚಿಟ್ಟಿದ್ದಳು. ಎರಡೂ ಸೇರಿ ಕುಯ್ಯೆಂದಿತು. ತೆಗೆದಳು, ಹಾಕಿದಳು, ಮತ್ತೆ ಕುಯ್ಯೆಂದಿತು. ಎಲ್ಲರೂ ನೋಡುತ್ತಿದ್ದೇವೆ. ಅವಳ ಕತ್ತು ಕೆಂಪಾಯಿತು. ಸಾರಿ, ಸಾರಿ ಎನ್ನುತ್ತಿದ್ದಾಳೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನೋಡಲಾಗಲಿಲ್ಲ. ನಾಲಗೆ ತಾನಾಗಿ ಹೊರಳಿತು. “ನೆವರ್ ಮೈಂಡ್, ಮಿಸ್. ಐ ಷಲ್ ಸೇ ಇನ್ ಇಂಗ್ಲಿಷ್.”

ನ್ಯಾಯಾಧೀಶೆ ತಲೆಯೆತ್ತಿ ವೆಲ್ಶ್‌ನಲ್ಲಿ ಹೇಳಿದರು: “ಮಿಸ್ಟರ್ ಪ್ರಿದರ್ಖ್, ಅವಸರ ಏನಿಲ್ಲ. ಬೇರೆ ಏನಾದ್ರೂ ವ್ಯವಸ್ಥೆ ಮಾಡೋಣ. ಕಾಯಬಹುದು.”

“ಪರವಾಗಿಲ್ಲ ಬಿಡಿ, ಪಾಪ ಆ ಹುಡುಗಿಗೆ ತೊಂದ್ರೆ,” ಎಂದೆ. ನನ್ನ ಭಾಷೆಯಲ್ಲಿ ಕೋರ್ಟಿನಲ್ಲಿ ಆಡಿದ್ದು ಆ ಒಂದೇ ಮಾತು.

ಆಮೇಲೆ ಬಂದದ್ದು ಲ್ಯಾಬಿನ ಇಂಗ್ಲಿಷ್. ‘ವಿಸಿಟ್ ಟು ಗ್ರೇವ್ ಆಫ್ ವೈಫ್. ಡ್ಯುರೇಷನ್, ಒನ್ ಅವರ್. ವೀಕ್ಲಿ.’ ಕಿಟಕಿಯ ವಿಷಯಕ್ಕೆ ಬಂದಾಗ ಪದವೇ ಸಿಗಲಿಲ್ಲ. ಬಿಟ್ಟೆ.

ಹುಡುಗಿ ಹೊರಗೆ ಹೋಗಿ ಫೋನ್ ಮಾಡಿ ಬಂದಳು. ಸಮಾಧಿಗೆ ಹೋಗುವವರೆಂದು ತಿಳಿದಿರಲಿಲ್ಲ, ಕಂಪನಿ ದಾವೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ ಎಂದಳು. ನಿಜವಾಗಿ ಖುಷಿಯಲ್ಲಿದ್ದಳು. ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. “ಥ್ಯಾಂಕ್ಯೂ ವೆರಿ ಮಚ್” ಎಂದು ಕೈ ಕುಲುಕಿದೆ.

ಅನುವಾದಕಿ ವೈರುಗಳನ್ನು ಸುತ್ತಿಡುತ್ತಿದ್ದಳು. “ನಾನಿವತ್ತು ಬಾಯೇ ಬಿಡಲಿಲ್ಲ ನೋಡಿ,” ಎಂದಳು. ಚುಚ್ಚಲು ಹೇಳಿದ್ದಲ್ಲ.

ಜನವರಿ 25, ಶನಿವಾರ

ಕೋರ್ಟಿನಲ್ಲಿ ನಡೆದದ್ದು ಕೇಳಿ ಎಲುನೆಡ್ ಕೋಟು ಬಿಚ್ಚದೆ ಬೈದಳು.

“ನಿಮ್ಮ ಹಣೆಬರಹವೇ ಇಷ್ಟು! ಹತ್ತು ಜನ ಕೂತಿರ್ತೀರಿ, ಇಂಗ್ಲಿಷಿನವನು ಒಬ್ಬ ಬಾಗಿಲು ತೆರೆದ್ರೆ ಸಾಕು, ಹತ್ತೂ ಜನ ನಾಲಗೆ ಮಗುಚಿ ಹಾಕ್ತೀರಿ. ಅವನು ಕೇಳೋ ಮುಂಚೆನೇ! ಅಂಗಳ ಮಾರೋ ದಿನಾನೂ ಹೀಗೇ ತಾನೆ?”

ಹೀಗೇ. ಚಾಪೆಲ್‌ನ ಒಂಬತ್ತು ಹಿರಿಯರು, ಕೊಳ್ಳಲು ಬಂದವನೊಬ್ಬ. ಬೋರ್ಡಿನಲ್ಲಿ ನಮ್ಮ ಭಾಷೆ ಇರಲಿ ಎಂದು ಒಂದು ಸಾಲು ಸೇರಿಸಬಹುದಿತ್ತು. ಅತಿಥಿಯೆದುರು ಕೇಳಲು ಸಂಕೋಚವಾಯಿತು. ಮೇಜಿನ ತಲೆಯಲ್ಲಿ ಕೂತವನು ನಾನೇ.

“ಹುಡುಗಿ ಅಳೋ ಹಾಗಿದ್ಲು, ಎಲುನೆಡ್.”

“ಅತ್ತಿದ್ರೆ ಕರ್ಚೀಫ್ ಕೊಡ್ಬೇಕಿತ್ತು, ಇದ್ವಲ್. ನನ್ನ ಅಕ್ಕನ್ನ ಬಿಟ್ಟುಕೊಟ್ಟು ಬಂದೆಯಲ್ಲ.”

ಈ ಸಲ ಬಾಖ್ ಇರಲಿಲ್ಲ.

ಜನವರಿ 30, ಗುರುವಾರ, ಕಾರಿನೊಳಗೆ

ಬಂದದ್ದು 1.50ಕ್ಕೆ. ಈಗ 4.20. ಬೇಕೆಂದೇ ಕ್ಯಾಮೆರಾ ಕಂಬದ ಕೆಳಗೇ ನಿಲ್ಲಿಸಿದ್ದೇನೆ. ಜನವರಿಯ ಪತ್ರಿಕೆ ಓದಿಯಾಯಿತು, ಜಾಹೀರಾತೂ ಬಿಡದೆ. ನೆಸ್ತಾಳಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಸ್ಟೀರಿಂಗಿನ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿದೆ.

ಈ ಸಲ ಪಾರ್ಕಿಂಗ್ ಯಂತ್ರಕ್ಕೆ ಕಾಸು ಹಾಕಲಿಲ್ಲ. ನೋಟಿಸ್ ಬರಲಿ. ಬೆನ್ನಿಗೆ ಅದೇ ವಿನಂತಿ ಬರೆಯುತ್ತೇನೆ. ವೆಲ್ಶ್‌ನಲ್ಲಿ ಕಳಿಸಿದರೆ ಆ ದಿನವೇ ಕಟ್ಟುತ್ತೇನೆ, ಮಾತು ಮಾತೇ. ಇಲ್ಲವಾದರೆ ಮತ್ತೆ ಆ ಚೌಕ, ಆ ಕೋಣೆ. ವರ್ಷ ಹಿಡಿಯಬಹುದು. ಎಪ್ಪತ್ತೆಂಟಾಗಿರುತ್ತದೆ. ಆ ಹುಡುಗಿಯೇ ಬರಲಿ, ಅವಳದೇನು ತಪ್ಪು. ಅವಳ ಕಿವಿಗೆ ಸರಿಹೋಗುವುದನ್ನು ತರಿಸಲಿ, ಅಲ್ಲಿಯವರೆಗೆ ಕಾಯುತ್ತೇನೆ, ಅರ್ಧ ದಿನವಾದರೂ. ಎಲ್ಲರೂ ನನ್ನನ್ನೇ ನೋಡುತ್ತಿದ್ದರೂ ಬಾಯಿ ತೆರೆಯದೆ ಕೂರುವುದನ್ನು ಈಗಿಂದಲೇ ಅಭ್ಯಾಸ ಮಾಡಬೇಕು. ನನಗೆ ಕಷ್ಟದ್ದು ಅದೇ. ಆಮೇಲೆ ಶುರುಮಾಡುವುದು ಹೀಗೆ: ನನ್ನ ಹೆಂಡತಿಯ ಹೆಸರು ನೆಸ್ತಾ, ಅವಳು —

ಬೆಳಕು ಹೋಗುತ್ತಿದೆ. ಗೆರೆ ಕಾಣುತ್ತಿಲ್ಲ, ಅಕ್ಷರ ಒಂದರ ಮೇಲೊಂದು. ಇನ್ನೊಂದು ಅರ್ಧ ಗಂಟೆ ಇಲ್ಲೇ