ಕ್ಲೋರಿನ್ ರೂಮಿನ ಮೂಗು

ಮಾರ್ಚ್ 3, ಬೆಳಿಗ್ಗೆ 11

ಔಟ್‌ಲೆಟ್ ನೀರಿನ ಟೆಸ್ಟ್ ಮುಗಿಯಿತು. ಊರಿನ ಕೊಳಚೆಯೆಲ್ಲ ನಮ್ಮ ಪ್ಲಾಂಟಿಗೆ ಬಂದು, ಸಭ್ಯವಾಗಿ ಹೊರಗೆ ಹೋಗುತ್ತಿದೆ. ಅಷ್ಟು ಸಭ್ಯತೆ ನನ್ನ ಯಜಮಾನರಿಗೂ ಬಂದಿದ್ದರೆ... ಇಪ್ಪತ್ತು ವರ್ಷದಿಂದ ಇವರು ಕ್ಲೋರಿನ್ ರೂಮಿನಲ್ಲಿ, ನಾನು ಪಕ್ಕದ ಲ್ಯಾಬಿನಲ್ಲಿ. ದಾಂಪತ್ಯಕ್ಕೆ ಇಷ್ಟು ದೂರ ಹಿತ.

ಇವತ್ತು ಸಿಲಿಂಡರ್ ಬದಲಾಯಿಸಿದರು. ಆಮೇಲೆ ಇಬ್ಬರು ಮಾಸ್ಕ್ ಹಾಕಿ, ಜಾಯಿಂಟುಗಳ ಹತ್ತಿರ ಅಮೋನಿಯಾ ಬಾಟ್ಲಿ ಹಿಡಿಯಬೇಕು. ಗ್ಯಾಸ್ ಸೋರಿದರೆ ಬಿಳಿ ಹೊಗೆ ಏಳುತ್ತದೆ. ಇದು ರೂಲು. ಗೋಡೆಯ ಗ್ಯಾಸ್ ಅಲಾರಾಂ ಕೆಟ್ಟು ವರ್ಷವಾಯಿತು. ನಮ್ಮವರ ಪದ್ಧತಿಯೇ ಬೇರೆ — ಎಲ್ಲರೂ ಟೀ ಕುಡಿದು ಬಂದು ಬಾಗಿಲಲ್ಲಿ ನಿಲ್ಲುವುದು. ಇವರು ಒಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, "ಕ್ಲೀನ್!" ಅನ್ನುವುದು.

"ಮೂಗಣ್ಣ ಹೇಳಿದ್ಮೇಲೆ ಮುಗೀತು," ಅಂದ ಫಿಟ್ಟರ್.

"ಬಾಟ್ಲಿ ಯಾಕ್ರೀ ಮುಟ್ಟಲ್ಲ?" ಎಂದೆ.

"ನಿನ್ನ ಬಾಟ್ಲಿಗಿಂತ ನನ್ನ ಮೂಗು ಸೀನಿಯರ್ರು ಕಣೇ."

ಮಾರ್ಚ್ 9

ವಿಚಿತ್ರ. ನಾನು ತುಂಬಿಸಿಟ್ಟ, ಯಾರೂ ಮುಟ್ಟದ ಅಮೋನಿಯಾ ಬಾಟ್ಲಿ ಮತ್ತೆ ಅರ್ಧ ಖಾಲಿ. ಮುಚ್ಚಳವೋ ಬಿಗಿಯಾಗಿದೆ. ಅಮೋನಿಯಾ ಕುಡಿಯುವ ದೆವ್ವ ಯಾವುದು?

ಸಂಜೆ — ಒಲೆಯ ಮೇಲೆ ಹಾಲು ಸೀದು ಕರಕಲು. ಮಹಡಿಯಿಂದ ನಾನು ಓಡಿ ಬಂದೆ. ಇವರು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದಾರೆ, ಋಷಿಗಳ ಹಾಗೆ.

ಮಾರ್ಚ್ 10

"ಹೊಸ ಕಾಫಿಪುಡಿ. ಕಣ್ಣು ಮುಚ್ಚಿ ಮೂಸಿ ನೋಡಿ, ಹೇಗಿದೆ?"

"ಆಹಾ, ಘಮ್ಮಂತಿದೆ!"

ತೊಳೆದು ಒಣಗಿಸಿದ ಖಾಲಿ ಡಬ್ಬಿ ಅದು. ನಗಬೇಕೆಂದಿದ್ದೆ. ಆಗಲಿಲ್ಲ.

"ಎಷ್ಟು ದಿನದಿಂದ?"

"...ಎರಡು ವರ್ಷ."

ಎಲ್ಲರನ್ನೂ ಟೀಗೆ ಅಟ್ಟಿ, ಒಬ್ಬರೇ ಒಳಗೆ ಹೋಗಿ, ಬಾಟ್ಲಿ ಹಿಡಿದು ಜಾಯಿಂಟ್ ನೋಡುತ್ತಾರಂತೆ. ಆಮೇಲೆ ಬಾಗಿಲಲ್ಲಿ ಮೂಗಿನ ನಾಟಕ. ಮಾಸ್ಕೂ ಹಾಕುವುದಿಲ್ಲ — ಬೀರುವಿನಿಂದ ಹೊರಗೆ ತೆಗೆದರೆ ಗುಟ್ಟು ರಟ್ಟಾಗುತ್ತದಂತೆ. ಗಂಟಲು ಉರಿದು ಗೊತ್ತಾಗುವಷ್ಟರಲ್ಲಿ ಕುಸಿದು ಬಿದ್ದರೆ, ಎಳೆದು ಹೊರಗೆ ತರಲು ಯಾರಿರುತ್ತಾರೆ?

"ಎಲ್ರಿಗೂ ಹೇಳ್ಬಿಡಿ."

"ಮೂಗೇ ಹೋಯ್ತು ಅಂದ್ರೆ, ಅಲ್ಲಿ ನಾನ್ಯಾರು?"

"ನನ್ನ ಗಂಡ. ಸಾಲ್ದಾ? ಮುಂದಿನ ಸಿಲಿಂಡರ್ ಹೊತ್ತಿಗೆ ನೀವು ಹೇಳ್ದಿದ್ರೆ, ನಾನು ರಿಜಿಸ್ಟರಲ್ಲಿ ಬರೀತೀನಿ."

ಮಾರ್ಚ್ 16

ಆರು ದಿನ ಸ್ಕೂಟರಿನಲ್ಲಿ ಹಿಂದೆ ಕೂತೆ, ಭುಜ ಹಿಡಿಯಲಿಲ್ಲ.

ಸಿಲಿಂಡರ್ ಬದಲಾಯಿತು. ಪೆನ್ನು ತೆರೆದು ಕಿಟಕಿಯಲ್ಲಿ ನಿಂತಿದ್ದೆ. ಇವರು ಯಾರನ್ನೂ ಟೀಗೆ ಅಟ್ಟಲಿಲ್ಲ. ಮಾಸ್ಕ್ ಒಂದು ತಾವು ತೆಗೆದುಕೊಂಡು ಇನ್ನೊಂದನ್ನು ಫಿಟ್ಟರಿಗೆ ಕೊಟ್ಟರು.

"ಹಾಕ್ಕೊಳಯ್ಯ. ನಂಗೆ ವಾಸನೆ ಗೊತ್ತಾಗಲ್ಲ. ಎರಡು ವರ್ಷ ಆಯ್ತು."

ಫಿಟ್ಟರ್ ಮೂಗಿನ ಮೇಲೆ ಬೆರಳಿಡಲು ಹೋದ. ಮಾಸ್ಕ್ ಅಡ್ಡ ಬಂತು.

ಮೂರನೇ ಜಾಯಿಂಟಿನಲ್ಲಿ ಬಿಳಿ ಹೊಗೆ. ದಾರದೆಳೆಯಷ್ಟು. ವಾಲ್ವ್ ಮುಚ್ಚಿ ವಾಷರ್ ಬದಲಿಸಿದರು.

ಹೊರಗೆ ಬಂದು ಫಿಟ್ಟರ್ ಕೇಳಿದ, "ಇನ್ಮೇಲೆ ಏನಂತ ಕರೆಯೋದು ನಿಮ್ಮನ್ನ?"

"ಬರೀ ಅಣ್ಣ ಅನ್ನು. ಸಾಕು."

ಮನೆಗೆ ಬರುವಾಗ ಭುಜ ಹಿಡಿದೆ.

ಮಾರ್ಚ್ 27, ಸಂಜೆ

ವಾಸನೆ ಮರಳುವುದು ಅನುಮಾನ ಎಂದರು ಡಾಕ್ಟರ್. ಇವರಿಗೆ ಹೊಸ ಚಟ — "ಹೇಳು, ಈಗೇನು ವಾಸನೆ?" ಹೇಳುತ್ತೇನೆ. ದಿಂಬಿನ ಚೀಲ — ಬಿಸಿಲು. ಪಕ್ಕದ ಮನೆ — ಹೊಸ ಪೇಂಟು. ನಿಮ್ಮ ಅಂಗಿ — ಥೇಟ್ ಪ್ಲಾಂಟು!

"ಮತ್ತೆ ನೀನು?"

ಸೋಪು, ಲ್ಯಾಬಿನ ಸ್ಪಿರಿಟ್ಟು... ಎಂದು ಶುರುಮಾಡಿದೆ.

"ಅದಲ್ಲ. ನಂಗೆ ನೆನಪಿದೆ. ಹೇಳ್ಲಾ?"

ಪಕ್ಕಕ್ಕೆ ಬಂದು ಕೂತು, ಕಣ್ಣು ಮುಚ್ಚಿ, ಒಂದೊಂದಾಗಿ ಹೇಳತೊಡಗಿದರು. ಮೊದಲನೆಯದು — ಬೇಡ, ಅದನ್ನು ಇಲ್ಲಿ ಬರೆಯುವುದಿಲ್ಲ.