ಬಲಗಡೆ ನೋಡುವವರು

೯ ಫೆಬ್ರವರಿ, ಭಾನುವಾರ

ಗುಬ್ಬಿ,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ಪುಟ್ಟನ ಮುಂದಿನ ಹಲ್ಲು ಬಿತ್ತಂತೆ. ಇನ್ನು ಸ್ವಲ್ಪ ದಿನ ಅವನು ಸುಳ್ಳು ಹೇಳಿದರೂ ಮುದ್ದಾಗಿಯೇ ಕೇಳಿಸುತ್ತದೆ, ಹುಷಾರಾಗಿರು. ಅಪ್ಪನನ್ನು ವಿಮಾನದಲ್ಲಿ ಕೂರಿಸಿದ ದಿನವೇ ಸಂಜೆ ಏನಾಯಿತೆಂದು ತಿಳಿಸುತ್ತೇನೆ ಎಂದವಳು ಎರಡು ವಾರದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಅಷ್ಟೊಂದು ಹಾಲು ಈ ಮನೆಯಲ್ಲಿ ಯಾರು ಕುಡಿಯುತ್ತಾರೆ ಎಂದು ನಿನಗೂ ಅನ್ನಿಸಿರಬೇಕು. ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅವರ ವಿಷಯ ಅವರ ಎದುರಿಗೇ ಆಡಲು ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮ ಒಪ್ಪಂದವನ್ನು ನಾನು ಮರೆತಿಲ್ಲ. ವಿಮಾನದಲ್ಲಿ ಪಕ್ಕಪಕ್ಕ ಕೂತಾಗಲಾದರೂ ಅಪ್ಪ ನನ್ನ ಗುರುತು ಹಿಡಿದರೆ ಮನೆಯಲ್ಲೇ ಇರುವುದು, ಹಿಡಿಯದಿದ್ದರೆ ನೀನು ನೋಡಿಟ್ಟಿರುವ, ಮರೆವಿನವರನ್ನು ನೋಡಿಕೊಳ್ಳುವ ಆ ಆರೈಕೆಯ ಮನೆಗೆ ಕಳಿಸುವುದು, ಆಮೇಲೆ ನಾನು ತಕರಾರು ತೆಗೆಯಬಾರದು. ನೀನು ಆ ಮನೆಯ ಮಾತೆತ್ತಿದ ದಿನ ನಿನ್ನ ಮೇಲೆ ಹರಿಹಾಯ್ದೆ. “ಹೊತ್ತೊತ್ತಿಗೆ ಊಟ ಹಾಕೋಕೆ ನಾನಿಲ್ವೇನೇ?” ಎಂದು ಕೂಗಾಡಿದೆ. ಅದಾದ ಮೂರನೇ ದಿನಕ್ಕೆ ಅವರು ನನ್ನನ್ನೇ ಹೊರಗೆ ಬಿಟ್ಟು ಚಿಲಕ ಹಾಕಿಕೊಂಡರಲ್ಲ! ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ, ಕಿಟಕಿಯಿಂದ ಬಗ್ಗಿ ನೋಡಿ, “ನಮ್ಮನೆಯವಳು ಪೇಟೆಗೆ ಹೋಗಿದಾಳೆ, ಆಮೇಲೆ ಬನ್ನಿ” ಎಂದರು. ಎಷ್ಟು ಮರ್ಯಾದೆಯಿಂದ ಹೇಳಿದರು ಅಂತೀಯ! ಪಕ್ಕದ ಮನೆಯ ಟೈಲರ್ ಬಂದು ಬಾಗಿಲು ತೆಗೆಸಬೇಕಾಯಿತು. ಅವತ್ತು ರಾತ್ರಿಯೇ ನಿನ್ನ ಮಾತಿಗೆ ಹೂಂ ಎಂದೆ.

ವಿಮಾನದ ಮ್ಯೂಸಿಯಂ ನಿನಗೆ ಗೊತ್ತೇ ಇದೆ. ನಾನೂ ಅಪ್ಪನೂ ಹಾರಿಸುತ್ತಿದ್ದ ವಿಮಾನವನ್ನು, ನಮ್ಮ ಗುಂಡಮ್ಮನನ್ನು, ಅಲ್ಲಿ ನಿಲ್ಲಿಸಿ ವರ್ಷಗಳಾದವು. ಹಾರಾಟ ನಿಂತರೂ ತಿಂಗಳಿಗೊಮ್ಮೆ ಎಂಜಿನ್ ಓಡಿಸಿ, ಹಳೆಯ ರನ್‌ವೇ ಮೇಲೆ ಆ ತುದಿಯಿಂದ ಈ ತುದಿಗೆ ನಡೆಸಿಕೊಂಡು ಬರಬೇಕು. ಇಲ್ಲದಿದ್ದರೆ ನಿಂತಲ್ಲೇ ತುಕ್ಕು ಹಿಡಿಯುತ್ತಾಳೆ. ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ಅಪ್ಪನನ್ನೂ ಕೂರಿಸಿಕೊಳ್ಳಲೇ ಎಂದು ಅಲ್ಲಿನ ಮೇಸ್ತ್ರಿಯನ್ನು ಕೇಳಿದೆ. “ನೆಲದ ಮೇಲೆ ತಾನೇ, ಬರ್ಲಿ ಬಿಡಿಮ್ಮಾ. ನಾನು ನಿಮ್ಮಿಬ್ರ ಹಿಂದೇನೇ ನಿಂತಿರ್ತೀನಿ. ಸಾಹೇಬ್ರು ಏನಾದ್ರೂ ಮುಟ್ಟಬಾರದ್ದು ಮುಟ್ಟಿದ್ರೆ ಕೈ ಹಿಡ್ಕೋತೀನಿ” ಎಂದ. ಒಳ್ಳೆಯವನು. ಅಪ್ಪನ ಕೈಯಲ್ಲಿ ಬೈಸಿಕೊಂಡೇ ಕೆಲಸ ಕಲಿತವನು.

ಪುಟ್ಟ ಕೇಳಿದ್ದನಲ್ಲ, ಅಜ್ಜಿ ಓಡಿಸಿದ್ದು ಪ್ರಪಂಚದಲ್ಲೇ ದೊಡ್ಡ ವಿಮಾನವಾ ಅಂತ. ಅಲ್ಲ ಎಂದು ಹೇಳು. ಈಗಿನ ವಿಮಾನಗಳಿಗೆ ಮೂಗಿನ ಕೆಳಗೆ ಚಕ್ರ, ನೆಲಕ್ಕೆ ಸಮನಾಗಿ ನಿಲ್ಲುತ್ತವೆ. ನಮ್ಮದಕ್ಕೆ ಬಾಲದ ಕೆಳಗೆ ಚಕ್ರ. ನಾಯಿ ಕೂತ ಹಾಗೆ ಮೂಗು ಮೇಲೆತ್ತಿ ಕೂತಿರುತ್ತದೆ. ಆ ಜಾತಿಯಲ್ಲಿ ನಾಲ್ಕು ಎಂಜಿನ್ ಹೊತ್ತ ದೈತ್ಯರಿದ್ದರು, ಎಂಟು ಎಂಜಿನ್ ಹೊತ್ತವನೂ ಒಬ್ಬನಿದ್ದ. ಅವೆಲ್ಲ ನಾವು ಹುಟ್ಟುವ ಮೊದಲಿನ ಮಾತು. ಎರಡು ಎಂಜಿನ್ನಿನವುಗಳಲ್ಲಿ ಮಾತ್ರ ನಮ್ಮ ಗುಂಡಮ್ಮನನ್ನು ಮೀರಿಸಿದವರಿಲ್ಲ ಎಂದು ಮೇಸ್ತ್ರಿಯ ವಾದ. ಬಾಲದ ಹತ್ತಿರದ ಬಾಗಿಲಿನಿಂದ ಒಳಗೆ ಹೋದರೆ ನಮ್ಮ ಸೀಟಿನವರೆಗೂ ದಿಬ್ಬ ಹತ್ತಿದ ಹಾಗೆ ಹತ್ತಬೇಕು. ನೀನು ಚಿಕ್ಕವಳಿದ್ದಾಗ ಅಲ್ಲಿಂದ ಚೆಂಡು ಉರುಳಿಸಿ ಆಡುತ್ತಿದ್ದೆ, ನೆನಪಿದೆಯಾ?

ಬಚ್ಚಲಿನ ಹೊಸ್ತಿಲು ದಾಟಲು ನನ್ನ ಭುಜ ಹಿಡಿಯುವ ಮನುಷ್ಯ, ಆ ದಿಬ್ಬವನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮೇಲೆ ತಲೆ ತಾಗುವ ಜಾಗದಲ್ಲಿ ತಾವಾಗಿಯೇ ಬಗ್ಗಿದರು. ಹೋಗಿ ಬಲಗಡೆಯ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿ, ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದರು. ಮೊದಲೂ ಹಾಗೇ ಮಾಡುತ್ತಿದ್ದರು. ಬಟ್ಟೆ ಕೊಟ್ಟರೂ ಅಂಗೈಯೇ ಬೇಕು. ಗಾಜಿನ ಮೇಲೆಲ್ಲ ಜಿಡ್ಡು ಎಂದು ನಾನು ಎಷ್ಟು ಸಲ ರೇಗಿಲ್ಲ!

ಆ ವಿಮಾನವನ್ನು ನೆಲದ ಮೇಲೆ ನಡೆಸುವಾಗ ಮುಂದೆ ಏನೂ ಕಾಣುವುದಿಲ್ಲ. ಮೂಗು ಅಡ್ಡ ಬಂದು ಬರೀ ಆಕಾಶ ಕಾಣುತ್ತದೆ. ಹಾವಿನ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಹೋಗಬೇಕು. ಎಡಗಡೆ ಕೂತವಳು ಎಡಕ್ಕೆ ನೋಡಬೇಕು, ಬಲಗಡೆ ಕೂತವರು ಬಲಕ್ಕೆ ನೋಡಿ ಹೇಳಬೇಕು. ಅವರ ಕಡೆಯದು ನನಗೆ ಕಾಣದು, ನನ್ನ ಕಡೆಯದು ಅವರಿಗೆ ಕಾಣದು. ಇಪ್ಪತ್ತೆರಡು ವರ್ಷ ಹಾಗೇ ಸಂಪಾದನೆ ಮಾಡಿ ನಿನ್ನನ್ನು ಓದಿಸಿದ್ದು. ನಾನು ಎಂಜಿನ್ ಏರಿಸಿ, ಗಂಟಲು ಸರಿಮಾಡಿಕೊಂಡು, “ಎಡಗಡೆ ದಾರಿ ಇದೆ” ಎಂದೆ. ಅಪ್ಪ ಅದೇ ಹಳೆಯ ದನಿಯಲ್ಲಿ, “ಬಲಗಡೆ ದಾರಿ ಇದೆ, ಕ್ಯಾಪ್ಟನ್” ಎಂದರು. ಆ ಮಾತು ನಂಬಿ ಬಲಕ್ಕೆ ತಿರುಗಿಸಿದೆ ಕಣೇ.

ತುದಿಗೆ ಹೋಗಿ ತಿರುಗಿಸಿ ನೇರಕ್ಕೆ ಬಂದಾಗ, ನಾನು ಹೇಳುವ ಮೊದಲೇ, ಬಾಲಚಕ್ರ ಅತ್ತಿತ್ತ ಹೊರಳದ ಹಾಗೆ ಅದರ ಲಾಕ್ ಹಾಕಿದರು. ವೇಗ ಸ್ವಲ್ಪ ಏರಿಸಿದೆ. ನಡುವೆ ಅಡ್ಡಗಾಳಿ ಬೀಸಿತು. ಈ ಜಾತಿಯ ವಿಮಾನದ ಬುದ್ಧಿಯೇ ಅದು. ಭಾರವೆಲ್ಲ ಹಿಂದಕ್ಕೆ, ಗಾಳಿ ಸಿಕ್ಕಿದ್ದೇ ತಡ ಬಾಲವೇ ಮುಂದೆ ಬರುತ್ತೇನೆ ಎನ್ನುತ್ತದೆ. ಪೂರ್ತಿ ನಿಲ್ಲುವ ತನಕ ಕಾಲಿನ ಪೆಡಲ್ ಒತ್ತುತ್ತಾ ಅದನ್ನು ಹಿಡಿದಿಡಬೇಕು. ಎರಡು ಸೀಟಿನ ಪೆಡಲ್‌ಗಳೂ ಒಟ್ಟಿಗೇ ಆಡುತ್ತವೆ, ಒಬ್ಬರು ಒತ್ತಿದರೆ ಇನ್ನೊಬ್ಬರದೂ ಒಳಗೆ ಹೋಗುತ್ತದೆ. ನಾನು ಒತ್ತುವುದಕ್ಕೆ ಸ್ವಲ್ಪ ತಡವಾಯಿತು, ವಯಸ್ಸಾಯಿತಲ್ಲ. ಅಷ್ಟರಲ್ಲಿ ನನ್ನ ಪಾದದ ಕೆಳಗೆ ಪೆಡಲ್ ತಾನೇ ಒಳಗೆ ಹೋಯಿತು. ನೋಡಿದರೆ ಅಪ್ಪನ ಕಾಲು! ಎಷ್ಟು ಬೇಕೋ ಅಷ್ಟು ಒತ್ತಿ, ತಕ್ಷಣ ಬಿಟ್ಟರು. ಹಿಂದಿನಿಂದ ಮೇಸ್ತ್ರಿ, “ಸಾಹೇಬ್ರ ಕಾಲು ಏನೂ ಮರೆತಿಲ್ಲಮ್ಮಾ!” ಎಂದು ಕೂಗಿದ. ನನಗಂತೂ ಗೆದ್ದೆ ಅನ್ನಿಸಿಬಿಟ್ಟಿತು. ನಿನಗೆ ಏನೇನು ಹೇಳಿ ಹಂಗಿಸಬೇಕು ಎಂದು ಅಲ್ಲಿ ಕೂತೇ ಲೆಕ್ಕ ಹಾಕಿದೆ.

ಇನ್ನೊಂದೇ ಬಾಕಿ ಇತ್ತು. ಪ್ರೊಪೆಲ್ಲರ್ ತಿರುಗುವ ತನಕ ಅವರಿಗೆ ನಾನು ಕ್ಯಾಪ್ಟನ್. ಎರಡೂ ನಿಂತ ಮೇಲೆ ಬೆಲ್ಟ್ ಬಿಚ್ಚಿ, ನನ್ನ ಕಡೆ ತಿರುಗಿ, “ಬಾರೇ, ಮನೆಗೆ ಹೋಗೋಣ” ಎನ್ನುತ್ತಿದ್ದರು. ಎಷ್ಟೇ ಜಗಳವಾಗಿರಲಿ, ಆ ಮಾತನ್ನು ಒಂದು ದಿನವೂ ತಪ್ಪಿಸಿದವರಲ್ಲ. ಶೆಡ್ಡಿನ ಮುಂದೆ ತಂದು ನಿಲ್ಲಿಸಿ ಎಂಜಿನ್ ಆರಿಸಿದೆ. ಆಮೇಲೆ ಇಳಿದೆವು. ಮೇಸ್ತ್ರಿ ಕಾಫಿ ತರಿಸಿದ. ಅಪ್ಪ ಬಿಸ್ಕತ್ತು ಅದ್ದಿಕೊಂಡು ತಿಂದರು.

ಇಲ್ಲಿ ಬೇರೆ ಏನೂ ವಿಶೇಷವಿಲ್ಲ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ಟೈಲರ್ ಮಗಳಿಗೆ ಕೆಲಸ ಸಿಕ್ಕಿದೆ. ನಾನು ಚೆನ್ನಾಗಿಯೇ ಇದ್ದೇನೆ. ಬೆಳಿಗ್ಗೆ ಏಳುತ್ತೇನೆ, ಅವರಿಗೆ ಸ್ನಾನ ಮಾಡಿಸುತ್ತೇನೆ, ಅಡುಗೆ ಮಾಡುತ್ತೇನೆ. ಮೊನ್ನೆ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ ನೋಡಿಕೊಂಡೆ. ಅಳುವೂ ಬರುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ನನಗೆ ಸಿಟ್ಟು ಬರುತ್ತಿಲ್ಲ ಎಂದರೆ ನೀನೇ ಅರ್ಥ ಮಾಡಿಕೋ. ಒಳಗೆಲ್ಲ ಜೋಮು ಹಿಡಿದ ಹಾಗಿದೆ.

ಪುಟ್ಟನಿಗೆ ಹೊಸ ಹಲ್ಲು ನೆಟ್ಟಗೆ ಬರಲಿ. ನೀನೂ ಅಳಿಯಂದಿರೂ ಒಬ್ಬರ ಮೇಲೊಬ್ಬರು ರೇಗಿಕೊಂಡಾದರೂ ಸರಿ, ನೂರು ಕಾಲ ಜೊತೆಗಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತಿಲ್ಲ, ಬರೆಯಲು ಆಗಲಿಲ್ಲ. ಎರಡೂ ಪ್ರೊಪೆಲ್ಲರ್ ನಿಂತವು. ಅಪ್ಪ ಬೆಲ್ಟ್ ಬಿಚ್ಚಿದರು. ನನ್ನ ಕಡೆ ತಿರುಗಿ ಮುಖವನ್ನು ಚೆನ್ನಾಗಿ ನೋಡಿದರು. “ಚೆನ್ನಾಗಿ ಓಡಿಸ್ತೀರಿ ಕ್ಯಾಪ್ಟನ್” ಎಂದರು. “ನಾನು ಇವತ್ತೊಂದು ದಿನಕ್ಕೆ ಬಂದೋನು. ನಾಳೆಯಿಂದ ನಿಮಗೆ ಬಲಗಡೆ ನೋಡಿ ಹೇಳೋರು ಯಾರಾದ್ರೂ ಇದಾರಾ?”

“ಒಬ್ಬರಿದ್ರು” ಎಂದೆ.

“ಅಯ್ಯೋ ಪಾಪ” ಎಂದು ನನ್ನ ಕೈ ತಟ್ಟಿದರು.

ನೀನು ಆ ಮನೆಯವರಿಗೆ ಫೋನ್ ಮಾಡು. ಕುರ್ಚಿ ಹಾಕಿ ಕೂತರೆ ಬಲಗಡೆಗೆ ಕಿಟಕಿ ಬರುವಂಥ ಕೋಣೆ ಇದೆಯೇ ಕೇಳು. ಎಡಗಡೆಗೆ ಇನ್ನೊಂದು ಕುರ್ಚಿ ಹಿಡಿಸಬೇಕು. ನಾನು ಹೋದಾಗ ಕೂರಲು.